ಟಿವಿಯಲ್ಲಿ ಸ್ನೂಕರ್ ನೋಡುವವರು ಯಾಕೆ ಕಡಿಮೆಯಾದರು? ಮತ್ತೆ ಸೆಳೆಯೋದು ಹೇಗೆ?

ಸ್ನೂಕರ್ ಅಂದರೆ ಕೋಲಿನಿಂದ ಬಿಳಿ ಚೆಂಡನ್ನು ಹೊಡೆದು ಬಣ್ಣದ ಚೆಂಡುಗಳನ್ನು ಮೇಜಿನ ಗುಳಿಗಳಿಗೆ ಬೀಳಿಸುವ ಆಟ. ಬ್ರಿಟನ್ನಿನಲ್ಲಿ ಅದು ಮನೆಮನೆಗೆ ತಲುಪಿದ್ದೇ ಟಿವಿಯಿಂದ. ಕಲರ್ ಟಿವಿ ಹೊಸದಾಗಿದ್ದ 1969ರಲ್ಲಿ ಬಿಬಿಸಿ ‘ಪಾಟ್ ಬ್ಲ್ಯಾಕ್’ ಎಂಬ ಸ್ನೂಕರ್ ಕಾರ್ಯಕ್ರಮ ಶುರು ಮಾಡಿತು. ಬಣ್ಣಬಣ್ಣದ ಚೆಂಡುಗಳು ಅದಕ್ಕೆ ಹೇಳಿ ಮಾಡಿಸಿದ ಹಾಗಿದ್ದವು. 1985ರ ವಿಶ್ವ ಫೈನಲ್‌ನಲ್ಲಿ ಡೆನಿಸ್ ಟೇಲರ್ ಕೊನೆಯ ಕಪ್ಪು ಚೆಂಡು ಹಾಕಿ ಸ್ಟೀವ್ ಡೇವಿಸ್ ಅವರನ್ನು ಸೋಲಿಸಿದಾಗ ನಡುರಾತ್ರಿ ದಾಟಿತ್ತು. ಆದರೂ 1.85 ಕೋಟಿ ಜನ ನೋಡುತ್ತಿದ್ದರು!

ಆಗ ಅಲ್ಲಿದ್ದದ್ದು ನಾಲ್ಕೇ ಮುಖ್ಯ ಚಾನೆಲ್. ನೂರಾರು ಬಂದ ಮೇಲೆ ನೋಡುಗರು ಹಂಚಿಹೋದರು. ಸಿಗರೇಟ್ ಕಂಪನಿಗಳ ಜಾಹೀರಾತಿಗೆ ನಿಷೇಧ ಬಂದು, ವಿಶ್ವ ಚಾಂಪಿಯನ್‌ಷಿಪ್‌ಗೆ ಸಿಗುತ್ತಿದ್ದ ಆ ಪ್ರಾಯೋಜಕತ್ವದ ದುಡ್ಡು 2005ಕ್ಕೆ ಕೊನೆಯಾಯಿತು.

ಪರಿಹಾರ? ಹತ್ತೇ ನಿಮಿಷದ ‘ಶೂಟ್ ಔಟ್’ ಪಂದ್ಯಗಳಿವೆ. ಹೊಸಬರನ್ನು ಕರೆತರಲು ಸರಿ, ಆದರೆ ಸ್ನೂಕರ್‌ನ ರುಚಿ ಇರುವುದು ನಿಧಾನವಾಗಿ ಏರುವ ಒತ್ತಡದಲ್ಲಿ. ಅದನ್ನು ಕತ್ತರಿಸಬಾರದು. ಬಿಳಿ ಚೆಂಡು ಮುಂದಿನ ಹೊಡೆತಕ್ಕೆ ಎಲ್ಲಿ ನಿಲ್ಲಬೇಕು ಅಂತ ಕಾಮೆಂಟರಿ ಬಿಡಿಸಿ ಹೇಳಿದರೆ ಸಾಕು, ಹೊಸಬರಿಗೂ ಕುತೂಹಲ ಹುಟ್ಟುತ್ತದೆ.

ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡುವುದು ನಮ್ಮೂರ ಆಟಗಾರ. 2005ರಲ್ಲಿ ಚೀನಾದ ಆಟಗಾರ ಡಿಂಗ್ ಜುನ್‌ಹುಯಿ ಚೀನಾ ಓಪನ್ ಗೆದ್ದ ಮೇಲೆ ಅಲ್ಲಿ ಆಟದ ಅಲೆಯೇ ಎದ್ದಿತು. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಬಿಲಿಯರ್ಡ್ಸ್, ಸ್ನೂಕರ್ ಎರಡರಲ್ಲೂ ವಿಶ್ವ ಚಾಂಪಿಯನ್. ಅವರ ಪಂದ್ಯಗಳನ್ನು ಕನ್ನಡ ಕಾಮೆಂಟರಿಯೊಂದಿಗೆ ಮೊಬೈಲ್‌ನಲ್ಲಿ ಉಚಿತವಾಗಿ ತೋರಿಸಿದರೆ ಇಲ್ಲೂ ನೋಡುಗರು ಸಿಗುತ್ತಾರೆ, ಅಲ್ವಾ?