ಹಕೊದಾತೆಗೆ ಯಾವ ತಿಂಗಳು ಹೋಗಬೇಕು, ಟೀಚರೇ?

ಹೋದ ಸಂಚಿಕೆಯಲ್ಲಿ ಜಪಾನಿನ ಉತ್ತರದ ಊರು ಹಕೊದಾತೆಯ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ನನ್ನ ಮಗಳು ಇರುವ ಊರು ಅದು. ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದು ಮುಗಿಸಿ ಸಂಶೋಧನೆಗೆಂದು ಅಲ್ಲಿಗೆ ಹೋದಳು. ಹೊಕ್ಕೈಡೊ ವಿಶ್ವವಿದ್ಯಾಲಯ ಸಪ್ಪೊರೊದಲ್ಲಿದ್ದರೂ ಅದರ ಮೀನುಗಾರಿಕೆ ವಿಭಾಗ ಇರುವುದು ಹಕೊದಾತೆಯಲ್ಲಿ. ಐದು ವರ್ಷದಲ್ಲಿ ನಾನು ನಾಲ್ಕು ಸಲ ಹೋಗಿ ಬಂದೆ, ಒಂದೊಂದು ಸಲ ಒಂದೊಂದು ಕಾಲದಲ್ಲಿ. ಹೋದ ಸಂಚಿಕೆಯ ಬರಹ ಓದಿ ಬಂದ ಪತ್ರಗಳಲ್ಲಿ ಕೆಲವಕ್ಕೆ ಈ ಸಲ ಉತ್ತರ.

ಟೀಚರೇ, ಮಗ ಟೋಕಿಯೊದಲ್ಲಿದ್ದಾನೆ. ನಾನೂ ನನ್ನ ಹೆಂಡತಿಯೂ ಒಮ್ಮೆ ಹೋಗಿ ಬರಬೇಕೆಂದಿದ್ದೇವೆ. ಎಲ್ಲರೂ ಚೆರಿ ಹೂವಿನ ಸಮಯಕ್ಕೆ ಹೋಗಿ ಅನ್ನುತ್ತಾರೆ. ಆದರೆ ನಮ್ಮದು ಬೋಟು. ಮೀನುಗಾರಿಕೆ ನಡೆಯುವಾಗ ಊರು ಬಿಡುವ ಹಾಗಿಲ್ಲ. ಬೇರೆ ಯಾವ ತಿಂಗಳು ಒಳ್ಳೆಯದು?
— ಓದುಗರೊಬ್ಬರು, ಮಲ್ಪೆ

ನೀವು ಜೂನ್ ಕೊನೆಯಲ್ಲಿ ಹೋಗಿ. ನಿಮಗೆ ಅದಕ್ಕಿಂತ ಒಳ್ಳೆಯ ಸಮಯ ಇಲ್ಲ.

ನಮ್ಮಲ್ಲಿ ಜೂನ್ 1ರಿಂದ ಜುಲೈ 31ರ ತನಕ ಬೋಟುಗಳು ಬಂದರಿನಲ್ಲಿ ಸಾಲಾಗಿ ನಿಂತಿರುತ್ತವೆ. ಹಕೊದಾತೆಯಲ್ಲಿ ಬೊಂಡಾಸ್ (ಸ್ಕ್ವಿಡ್) ಹಿಡಿಯುವ ಕಾಲ ಶುರುವಾಗುವುದೇ ಜೂನ್ ಮೊದಲಲ್ಲಿ. ಬೊಂಡಾಸ್ ಆ ಊರಿನ ಹೆಮ್ಮೆ. ಆಗಸ್ಟ್ ಮೊದಲ ವಾರ ಬಂದರಿನ ಹಬ್ಬದಲ್ಲಿ ಬೊಂಡಾಸ್ ಹೆಸರಿನ ಒಂದು ಕುಣಿತವೇ ಇದೆ, ಮಕ್ಕಳು ಮುದುಕರೆಲ್ಲ ರಸ್ತೆಯಲ್ಲಿ ಕುಣಿಯುತ್ತಾರೆ.

ಮಳೆಯ ಹೆದರಿಕೆಯೂ ಬೇಡ. ಜಪಾನಿನ ಉಳಿದ ಕಡೆ ಜೂನ್ ಅಂದರೆ ಮಳೆಗಾಲ. ಹಕೊದಾತೆ ಇರುವ ಹೊಕ್ಕೈಡೊ ದ್ವೀಪದಲ್ಲಿ ಆ ಮಳೆಗಾಲ ಇಲ್ಲವೆಂದೇ ಹೇಳಬಹುದು. ಒಂದು ಸ್ವೆಟರ್ ಇದ್ದರೆ ಸಾಕು. ಆದರೆ ಸಮುದ್ರದಿಂದ ಮಂಜು ಬರುತ್ತದೆ. ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು, ಯಾಕೆಂದರೆ ನೀವು ನೋಡಲೇಬೇಕಾದದ್ದು ಹಕೊದಾತೆ ಗುಡ್ಡದ ಮೇಲಿನಿಂದ ಕಾಣುವ ರಾತ್ರಿಯ ಊರು.

ಗುಡ್ಡ 334 ಮೀಟರ್ ಎತ್ತರ. ರೋಪ್‌ವೇಯಲ್ಲಿ ಮೂರೇ ನಿಮಿಷ. ಮೇಲಿನಿಂದ ಊರು ಹೇಗೆ ಕಾಣುತ್ತದೆ ಅಂದರೆ, ನಿಮಗೆ ಮರವಂತೆ ಗೊತ್ತಲ್ಲ, ಒಂದು ಬದಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ರಸ್ತೆ. ಆ ರಸ್ತೆಯ ಜಾಗದಲ್ಲಿ ಒಂದು ಇಡೀ ಊರನ್ನು ಇಟ್ಟು ದೀಪ ಹಚ್ಚಿದ ಹಾಗೆ. ಮೊದಲು ಈ ಗುಡ್ಡ ಒಂದು ದ್ವೀಪವಾಗಿತ್ತಂತೆ. ಅಲೆ ತಂದು ಹಾಕಿದ ಮರಳು ಸೇರಿ ಸೇರಿ ದಡಕ್ಕೆ ಕೂಡಿಕೊಂಡಿತು. ಆ ಮರಳಿನ ಮೇಲೆ ಊರು ಬೆಳೆಯಿತು. ಒಂದು ಬದಿಗೆ ಬಂದರು, ಇನ್ನೊಂದು ಬದಿಗೆ ತ್ಸುಗರು ಜಲಸಂಧಿ, ನಡುವೆ ಸೊಂಟದಂತೆ ಸಪೂರವಾದ ಊರು. ಎರಡೂ ಕಡೆ ಕಪ್ಪು ನೀರು ಇರುವುದರಿಂದಲೇ ದೀಪಗಳು ಅಷ್ಟು ಚಂದ ಕಾಣುವುದು.

ಜೂನ್‌ನಲ್ಲಿ ಅದರ ಮೇಲೆ ಇನ್ನೊಂದಿದೆ. ಕತ್ತಲಾದ ಮೇಲೆ ಊರಿನ ಕಡೆ ಬೆನ್ನು ಹಾಕಿ ಸಮುದ್ರದ ಕಡೆ ನೋಡಿ. ದೂರದಲ್ಲಿ ಬಿಳಿ ಬೆಳಕು ಸಾಲಾಗಿ ನಿಂತಿರುತ್ತದೆ. ಅವು ಬೊಂಡಾಸ್ ಬೋಟುಗಳು. ಬೆಳಕಿಗೆ ಬಂದ ಬೊಂಡಾಸ್ ಬೋಟಿನ ನೆರಳಿನಲ್ಲಿ ಗುಂಪಾಗುತ್ತವೆ. ಬಲೆ ಇಲ್ಲ. ಉದ್ದ ನೂಲಿಗೆ ಸಾಲಾಗಿ ಗಾಳ ಕಟ್ಟಿ, ಮೆಷಿನ್ ಚಕ್ರದಿಂದ ಮೇಲೆ ಕೆಳಗೆ ಆಡಿಸಿ ಎಳೆಯುತ್ತಾರೆ. ನಮ್ಮಲ್ಲಿ ಬೆಳಕು ಹಾಕಿ ಹಿಡಿಯುವುದಕ್ಕೆ ನಿಷೇಧ ಇದೆ, ಅದರ ಜಗಳ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನೀವು ನೋಡಿ ಬಂದು ನನಗೆ ವ್ಯತ್ಯಾಸ ಹೇಳಬೇಕು.

ನಾನು ಹೋದ ರಾತ್ರಿ ಹನ್ನೊಂದು ಬೆಳಕು ಎಣಿಸಿದೆ. ಪಕ್ಕದಲ್ಲಿ ನಿಂತಿದ್ದ ವಯಸ್ಸಾದವರೊಬ್ಬರು ಮಗಳ ಹತ್ತಿರ ಏನೋ ಹೇಳಿದರು. "ನಾನು ಹುಡುಗನಾಗಿದ್ದಾಗ ಎಣಿಸಲು ಆಗುತ್ತಿರಲಿಲ್ಲ" ಎಂದರಂತೆ. ಈಚಿನ ವರ್ಷಗಳಲ್ಲಿ ಅಲ್ಲಿ ಬೊಂಡಾಸ್ ತುಂಬಾ ಕಡಿಮೆಯಾಗಿದೆ. ನೀರಿನ ಬಿಸಿ ಬದಲಾದದ್ದು ಒಂದು ಕಾರಣ ಎಂದು ಮಗಳು ಹೇಳುತ್ತಾಳೆ. ಮೊದಲು ಅಷ್ಟಾಗಿ ಸಿಗದ ಬುರಿ ಎಂಬ ದೊಡ್ಡ ಮೀನು ಈಗ ಬಲೆ ತುಂಬ ಬರುತ್ತದೆ. ಬೂತಾಯಿ ಬಾರದ ವರ್ಷ ಮಲ್ಪೆಯಲ್ಲಿ ಜನರ ಮುಖ ಹೇಗಿರುತ್ತದೆಂದು ನಾನು ನೋಡಿದ್ದೇನೆ. ಆ ಅಜ್ಜನ ಮುಖವೂ ಹಾಗೇ ಇತ್ತು.

ಊರಿಗೆ ಕನಿಷ್ಠ ಮೂರು ರಾತ್ರಿ ಕೊಡಿ. ಒಂದು ರಾತ್ರಿ ಮಂಜಿಗೆ ಹೋಗುತ್ತದೆ. ಮೊದಲ ಸಂಜೆ ನನಗೆ ಕಂಡದ್ದು ಬಿಳಿ ಗೋಡೆ ಮಾತ್ರ. ಬೆಳಿಗ್ಗೆ ಐದಕ್ಕೆಲ್ಲ ರೈಲು ನಿಲ್ದಾಣದ ಹತ್ತಿರದ ಮಾರ್ಕೆಟಿಗೆ ಹೋಗಿ. ಅಲ್ಲಿ ಒಂದು ತೊಟ್ಟಿಯಲ್ಲಿ ಜೀವಂತ ಬೊಂಡಾಸ್ ಇರುತ್ತವೆ. ಗಾಳ ಹಾಕಿ ನೀವೇ ಹಿಡಿದರೆ ಅಲ್ಲೇ ಸೇಮಿಗೆಯಂತೆ ಸಣ್ಣಗೆ ಸೀಳಿ ಕೊಡುತ್ತಾರೆ. ಹಸಿಯಾಗಿಯೇ ತಿನ್ನಬೇಕು. ನನಗೆ ಸಿಹಿಯಾಗಿ, ರುಚಿಯಾಗಿ ಅನಿಸಿತು. ಆದರೂ ಪುಳಿಮುಂಚಿಯ ಆಸೆ ಹೋಗಲಿಲ್ಲ.

ದಾರಿ ಹೇಳಿಬಿಡುತ್ತೇನೆ. ಟೋಕಿಯೊದಿಂದ ಶಿಂಕಾನ್ಸೆನ್ ರೈಲಿನಲ್ಲಿ ಸುಮಾರು 4 ಗಂಟೆ. ಇಳಿಯುವುದು ಶಿನ್-ಹಕೊದಾತೆ-ಹೊಕುತೊ ಎಂಬ ನಿಲ್ದಾಣದಲ್ಲಿ. ಅಲ್ಲಿಂದ ಊರಿಗೆ ಇನ್ನೊಂದು ರೈಲು, 20 ನಿಮಿಷ. ಶಿಂಕಾನ್ಸೆನ್ ದಾರಿಯ ನಡುವೆ ಸಮುದ್ರದ ಅಡಿಯಲ್ಲಿ ಸೇಕನ್ ಸುರಂಗ ಬರುತ್ತದೆ. ಉದ್ದ 53.85 ಕಿಲೋಮೀಟರ್, 1988ರಲ್ಲಿ ಶುರುವಾದದ್ದು. ಅಂದರೆ ಹೆಚ್ಚುಕಡಿಮೆ ಮಂಗಳೂರಿನಿಂದ ಉಡುಪಿಗೆ ಹೋಗುವಷ್ಟು ದೂರ ಸುರಂಗದಲ್ಲೇ. ವಿಮಾನವೂ ಇದೆ. ನೀವು ಸಮುದ್ರದವರು, ಸಮುದ್ರದ ಅಡಿಯಿಂದ ಒಮ್ಮೆ ಹೋಗಿ ಬನ್ನಿ.

ನಮಸ್ಕಾರ ಅಕ್ಕ. ನಾವು ಏಪ್ರಿಲ್ ಕೊನೆಗೆ ಹೊರಟಿದ್ದೇವೆ. ಅತ್ತೆಯವರೂ ಬರುತ್ತಾರೆ. ಅವರು ಈರುಳ್ಳಿ ಬೆಳ್ಳುಳ್ಳಿ ಕೂಡ ತಿನ್ನುವುದಿಲ್ಲ. ಮೀನಿನ ಊರಲ್ಲಿ ಊಟಕ್ಕೆ ಏನು ಮಾಡುವುದು? ಹೂವು ಸಿಗುತ್ತದಾ?
— ಓದುಗರೊಬ್ಬರು, ಉಡುಪಿ ರಥಬೀದಿ

ಹೂವು ಸಿಗಬಹುದು. ಗೊರ್ಯೊಕಾಕು ಕೋಟೆಯಲ್ಲಿ ಸುಮಾರು 1600 ಚೆರಿ ಮರ ಇವೆ. ಏಪ್ರಿಲ್ ಕೊನೆ, ಮೇ ಮೊದಲ ವಾರ ಅಲ್ಲಿನ ಲೆಕ್ಕ. ಈಚೆಗೆ ಇನ್ನೂ ಬೇಗ ಅರಳುತ್ತಿದೆ, ಹಾಗಾಗಿ ತಡ ಮಾಡಬೇಡಿ. ಅದೇ ವಾರ ಜಪಾನಿನವರಿಗೆ ಸಾಲು ರಜೆ. ರೂಮು ಈಗಲೇ ಹಿಡಿಯಿರಿ.

ಕೋಟೆ ನಕ್ಷತ್ರದ ಆಕಾರದ್ದು, ಸುತ್ತ ನೀರಿನ ಕಂದಕ. 1864ರಲ್ಲಿ ಮುಗಿಸಿದರು. ಐದೇ ವರ್ಷಕ್ಕೆ, 1869ರಲ್ಲಿ, ಅಧಿಕಾರ ಕಳೆದುಕೊಂಡ ಸೇನಾ ಆಡಳಿತಗಾರ ಶೋಗನ್‌ನ ಪಕ್ಷದ ಉಳಿದ ಸೈನಿಕರು ಹೊಸ ಸರ್ಕಾರಕ್ಕೆ ಶರಣಾದದ್ದು ಇಲ್ಲೇ. ನೆಲದಲ್ಲಿ ನಿಂತರೆ ನಕ್ಷತ್ರ ಗೊತ್ತಾಗುವುದಿಲ್ಲ. ಪಕ್ಕದಲ್ಲಿ 107 ಮೀಟರಿನ ಗೋಪುರ ಇದೆ, ಅತ್ತೆಯವರನ್ನು ಮೊದಲು ಲಿಫ್ಟಿನಲ್ಲಿ ಅದರ ಮೇಲೆ ಕರೆದುಕೊಂಡು ಹೋಗಿ. ಆಮೇಲೆ ಕೆಳಗೆ ಬಂದು ಕಂದಕದ ಬದಿಯಲ್ಲಿ ನಿಧಾನ ನಡೆಯಿರಿ. ನಾನು ಹೋದ ಸಲ ಕೊನೆಯ ದಿನ ಗಾಳಿ ಬಂದು ಎಸಳುಗಳು ನೀರಿಗೆ ಬಿದ್ದು ಕಂದಕ ಪೂರ್ತಿ ಗುಲಾಬಿಯಾಗಿತ್ತು. ಮರದಲ್ಲಿದ್ದ ಹೂವಿಗಿಂತ ನನಗೆ ನೆನಪಿರುವುದು ಅದು.

ಊಟದ ವಿಷಯ ಕಷ್ಟವೇ, ಸುಳ್ಳು ಹೇಳುವುದಿಲ್ಲ. ತರಕಾರಿ ಅಂತ ಕೊಟ್ಟದ್ದರಲ್ಲೂ ದಾಶಿ ಎಂಬ ಸಾರು ಇರುತ್ತದೆ. ಅದನ್ನು ಹೆಚ್ಚಾಗಿ ಒಣಮೀನಿನಿಂದ ಮಾಡುತ್ತಾರೆ. ಮಿಸೊ ಸೂಪಿನಲ್ಲೂ ಅದೇ. ಕಣ್ಣಿಗೆ ಕಾಣುವುದಿಲ್ಲ, ಕೇಳಿದರೆ ಅಂಗಡಿಯವರಿಗೂ ಅದು ಮೀನು ಅನ್ನುವ ಯೋಚನೆ ಬರುವುದಿಲ್ಲ. ಹಕೊದಾತೆಯ ಕಡಲಲ್ಲಿ ಸಿಗುವ ಕೊಂಬು ಎಂಬ ಕಡಲಸಸ್ಯದಿಂದಲೂ ದಾಶಿ ಮಾಡುತ್ತಾರೆ, ಅದು ನಿಮಗೆ ಆಗುತ್ತದೆ. "ಕೊಂಬು ಮಾತ್ರ, ಮೀನು ಬೇಡ" ಎಂದು ಜಪಾನಿ ಭಾಷೆಯಲ್ಲಿ ಒಂದು ಚೀಟಿ ಬರೆಸಿಕೊಳ್ಳಿ.

ಅತ್ತೆಯವರಿಗಾಗಿ ಅಡುಗೆಮನೆ ಇರುವ ರೂಮು ಹುಡುಕಿ. ಆ ಒಂದು ಕೆಲಸ ಮಾಡಿದರೆ ಅರ್ಧ ಚಿಂತೆ ಹೋಯಿತು. ಹೊಕ್ಕೈಡೊ ಅಂದರೆ ಹಾಲಿನ ಊರು. ಗಟ್ಟಿ ಮೊಸರು ಎಲ್ಲ ಅಂಗಡಿಯಲ್ಲಿದೆ. ಅಲ್ಲಿನ ಅಕ್ಕಿ ಸ್ವಲ್ಪ ಅಂಟು, ಮೊಸರನ್ನಕ್ಕೆ ಬಹಳ ಚೆನ್ನಾಗಿ ಹೊಂದುತ್ತದೆ. ಬಟಾಟೆಯಂತೂ ನಮ್ಮಲ್ಲಿ ಸಿಗದ ರುಚಿ, ಬೇಯಿಸಿದರೆ ಹಿಟ್ಟಿನಂತೆ ಉದುರುತ್ತದೆ. ಚಟ್ನಿಪುಡಿ, ಉಪ್ಪಿನಕಾಯಿ ಇಲ್ಲಿಂದ ಒಯ್ಯಿರಿ. ಹಸಿ ಕರಿಬೇವು, ಹಣ್ಣು, ತೆಂಗಿನಕಾಯಿ ಪೆಟ್ಟಿಗೆಗೆ ಹಾಕಬೇಡಿ, ವಿಮಾನ ನಿಲ್ದಾಣದಲ್ಲಿ ತೆಗೆದಿಡುತ್ತಾರೆ.

ಟೀಚರ್, ಹಿಮ ನೋಡಬೇಕೆಂದು ನನ್ನ ತಾಯಿಗೆ ತುಂಬಾ ಆಸೆ. ವಯಸ್ಸು 71, ಮೊಣಕಾಲು ನೋವು ಇದೆ. ಜನವರಿಯಲ್ಲಿ ಕರೆದುಕೊಂಡು ಹೋಗಬಹುದಾ?
— ಓದುಗರೊಬ್ಬರು, ಕದ್ರಿ

ಕರೆದುಕೊಂಡು ಹೋಗಿ. ಆಸೆಯನ್ನು ಮುಂದಿನ ವರ್ಷಕ್ಕೆ ದೂಡಬೇಡಿ. ಆದರೆ ಗುಡ್ಡದ ಬುಡದ ಮೊತೊಮಾಚಿಯ ಇಳಿಜಾರು ರಸ್ತೆಗಳಲ್ಲಿ ನಡೆಸಬೇಡಿ. ಹಗಲು ಕರಗಿದ ಹಿಮ ರಾತ್ರಿ ಕಲ್ಲಾಗುತ್ತದೆ. ಹಚಿಮಾನ್ ಇಳಿಜಾರಿನಲ್ಲಿ ನಾನು ಜಾರಿ ಬಿದ್ದು ಕೈ ಉಳುಕಿ ಹದಿನೈದು ದಿನ ಪಟ್ಟಿ ಕಟ್ಟಿಕೊಂಡಿದ್ದೆ. ಬೂಟಿಗೆ ಹಾಕುವ ಮುಳ್ಳಿನ ಪಟ್ಟಿ ಅಲ್ಲಿ ಸಿಗುತ್ತದೆ. ಮೊದಲ ದಿನವೇ ನೀವಿಬ್ಬರೂ ತೆಗೆದುಕೊಳ್ಳಿ.

ಆ ಬೀದಿಗಳನ್ನು ಟ್ಯಾಕ್ಸಿಯಲ್ಲಾದರೂ ತೋರಿಸಿ. ವಿದೇಶಿ ವ್ಯಾಪಾರಕ್ಕೆ 1859ರಲ್ಲಿ ತೆರೆದ ಬಂದರು ಅದು. ರಷ್ಯನ್ನರ ಆರ್ಥೊಡಾಕ್ಸ್ ಚರ್ಚು, ಕ್ಯಾಥೊಲಿಕ್ ಚರ್ಚು, ಬೌದ್ಧ ದೇವಸ್ಥಾನ ಎಲ್ಲ ಒಂದೇ ಕೂಗಳತೆಯಲ್ಲಿ. ನಮ್ಮ ಬಂದರಿನ ಮಸೀದಿ, ರೊಸಾರಿಯೊ ಚರ್ಚು, ರಥಬೀದಿಯ ದೇವಸ್ಥಾನ ನೋಡಿ ಬೆಳೆದವರಿಗೆ ಹೊಸ ಊರು ಅನಿಸುವುದಿಲ್ಲ. ರಷ್ಯನ್ ಚರ್ಚಿನ ಗಂಟೆಯ ಸದ್ದಿಗೆ ಊರಿನವರು ಅದನ್ನು "ಗಾನ್‌ಗಾನ್ ದೇವಸ್ಥಾನ" ಅನ್ನುತ್ತಾರೆ.

ಚಳಿಗಾಲದಲ್ಲಿ ವಯಸ್ಸಾದವರಿಗೆ ಒಂದು ಅನುಕೂಲ ಇದೆ. ನಾಲ್ಕೂವರೆ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಗುಡ್ಡದ ದೀಪ ನೋಡಿ ಆರಕ್ಕೆಲ್ಲ ರೂಮಿಗೆ ಬಂದು ಮಲಗಬಹುದು. ಅಲ್ಲಿ ಹಿಮ ಸಪ್ಪೊರೊದಷ್ಟು ಬೀಳುವುದಿಲ್ಲ. ಆದರೆ ಗಾಳಿ ಕೆಟ್ಟದು, ಕಿವಿ ಮುಚ್ಚುವ ಟೋಪಿ ಬೇಕೇ ಬೇಕು.

ಅಕ್ಟೋಬರ್‌ನಲ್ಲಿ ಎರಡೇ ದಿನ ಇದೆ. ಏನು ಬಿಡಬಹುದು?
— ಓದುಗರೊಬ್ಬರು, ಸುರತ್ಕಲ್

ಕೆಂಪು ಇಟ್ಟಿಗೆಯ ಗೋದಾಮುಗಳನ್ನು ಬಿಡಿ, ಈಗ ಅಲ್ಲಿರುವುದು ಅಂಗಡಿಗಳೇ. ಒಂದು ಇಡೀ ದಿನ ಓನುಮಾ ಕೆರೆಗೆ ಕೊಡಿ, ವೇಗದ ರೈಲಿನಲ್ಲಿ ಅರ್ಧ ಗಂಟೆ. ಹಿಂದೆ 1131 ಮೀಟರಿನ ಕೊಮಗತಾಕೆ ಜ್ವಾಲಾಮುಖಿ, ಮುಂದೆ ಸಣ್ಣ ಸಣ್ಣ ದ್ವೀಪಗಳು, ತಿಂಗಳ ಕೊನೆಗೆ ಎಲ್ಲ ಮರ ಕೆಂಪು. ಸೈಕಲ್ ಬಾಡಿಗೆಗೆ ಸಿಗುತ್ತದೆ.

ಬಿಸಿನೀರಿನ ಸ್ನಾನಕ್ಕೆ ಬಟ್ಟೆ ಇಲ್ಲದೆ ಇಳಿಯಬೇಕಂತೆ, ಹೌದಾ?
— ಹೆಸರು ಬೇಡ ಎಂದವರು, ಮಂಗಳೂರು

ಹೌದು. ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ. ಮನಸ್ಸು ಒಪ್ಪದಿದ್ದರೆ ಒತ್ತಾಯ ಮಾಡಿಕೊಳ್ಳಬೇಡಿ. ಯುನೊಕಾವಾ ಒನ್ಸೆನ್ ಟ್ರಾಮ್ ನಿಲ್ದಾಣದ ಪಕ್ಕದಲ್ಲೇ ಕಾಲು ಮಾತ್ರ ಇಳಿಬಿಟ್ಟು ಕೂರುವ ಬಿಸಿನೀರಿನ ತೊಟ್ಟಿ ಇದೆ. ಒಂದು ಟವೆಲ್ ಚೀಲದಲ್ಲಿ ಇಟ್ಟುಕೊಳ್ಳಿ. ಕದ್ರಿಯವರು ತಾಯಿಯನ್ನು ಅಲ್ಲಿಗೂ ಕರೆದುಕೊಂಡು ಹೋಗಲಿ, ಮೊಣಕಾಲಿಗೆ ಹಿತ. ಹತ್ತಿರದ ಸಸ್ಯೋದ್ಯಾನದಲ್ಲಿ ಡಿಸೆಂಬರಿನಿಂದ ಮೇ ಮೊದಲ ವಾರದವರೆಗೆ ಮಂಗಗಳಿಗೂ ಬಿಸಿನೀರು ಬಿಡುತ್ತಾರೆ. ತಲೆ ಮೇಲೆ ಹಿಮ ಬೀಳುತ್ತಿದ್ದರೂ ಕಣ್ಣು ಮುಚ್ಚಿ ಕುತ್ತಿಗೆ ತನಕ ನೀರಲ್ಲಿ ಕುಳಿತಿರುತ್ತವೆ.