ಹುಂಬತನವೋ, ಹಳೆಯ ಲೆಕ್ಕವೋ?

ಓದುಗರ ಪತ್ರ: ಹಿಂದಿನ ಸಂಚಿಕೆಯಲ್ಲಿ ಎರಡನೇ ಮಹಾಯುದ್ಧದ ಅಮೆರಿಕದ ಡಿಸ್ಟ್ರಾಯರ್ (ವೇಗದ ಸಣ್ಣ ಯುದ್ಧನೌಕೆ) ‘ಜಾನ್‌ಸ್ಟನ್’ ಬಗ್ಗೆ ಓದಿದೆ. ಅಪ್ಪಣೆಗೂ ಕಾಯದೆ ಜಪಾನಿನ ಇಡೀ ಪಡೆಯ ಮೇಲೆ ಏರಿಹೋದ ಕ್ಯಾಪ್ಟನ್ ಅರ್ನೆಸ್ಟ್ ಇವಾನ್ಸ್ ಮಾಡಿದ್ದು ಹುಂಬತನ ಅಲ್ವಾ? 300ಕ್ಕೂ ಜಾಸ್ತಿ ಜನರ ಜೀವ ಅವರ ಕೈಯಲ್ಲಿತ್ತು.

ಸಂಪಾದಕರ ಉತ್ತರ: ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಆ ಒಂದು ಬೆಳಗ್ಗೆಯನ್ನಷ್ಟೇ ನೋಡಿದರೆ ಈ ಮನುಷ್ಯ ಅರ್ಥವಾಗುವುದಿಲ್ಲ.

ಇವಾನ್ಸ್ ಸಾಮಾನ್ಯ ನಾವಿಕರಾಗಿ ಸೇರಿ, ಆಮೇಲೆ ನೌಕಾ ಅಕಾಡೆಮಿ ಹೊಕ್ಕು, 1931ರಲ್ಲಿ ಓದು ಮುಗಿಸಿದವರು. 1942ರ ಫೆಬ್ರುವರಿಯಲ್ಲಿ ಜಪಾನ್ ವಿರುದ್ಧ ಜಾವಾ ಸಮುದ್ರದ ಕಾಳಗ ನಡೆದಾಗ ‘ಆಲ್ಡನ್’ ಎಂಬ ಹಳೇ ಡಿಸ್ಟ್ರಾಯರ್‌ನಲ್ಲಿದ್ದರು. ಟಾರ್ಪೆಡೊ (ನೀರೊಳಗೆ ಸಾಗಿ ಹಡಗಿಗೆ ಬಡಿದು ಸಿಡಿಯುವ ಅಸ್ತ್ರ) ಖಾಲಿಯಾಗಿ ಅದು ಹಿಂದೆ ಸರಿಯಿತು. ಅದೇ ರಾತ್ರಿ ಜೊತೆಯಲ್ಲಿದ್ದ ಡಚ್ಚರ ಎರಡು ಕ್ರೂಸರ್‌ಗಳು (ಡಿಸ್ಟ್ರಾಯರ್‌ಗಿಂತ ದೊಡ್ಡ ಯುದ್ಧನೌಕೆಗಳು) ಮುಳುಗಿದವು. ಆಲ್ಡನ್ ಬಾಲಿ ಜಲಸಂಧಿಯಲ್ಲಿ ನುಸುಳಿ ಆಸ್ಟ್ರೇಲಿಯಾ ಸೇರಿತು. ಆ ಓಟ ಅವರನ್ನು ಒಳಗೇ ಕೊರೆಯುತ್ತಿತ್ತು ಅಂತ ಕಾಣುತ್ತದೆ. 1943ರ ಅಕ್ಟೋಬರ್ 27ರಂದು ಸಿಯಾಟಲ್‌ನಲ್ಲಿ ಜಾನ್‌ಸ್ಟನ್ ಕೈಗೆ ಬಂದಾಗ ಹೇಳಿಯೇಬಿಟ್ಟರು: ಈ ಹಡಗು ಅಪಾಯ ಇರುವಲ್ಲಿಗೇ ಹೋಗುತ್ತದೆ, ಬೇಡ ಅನ್ನುವವರು ಈಗಲೇ ಇಳಿಯಬಹುದು. ಯಾರೂ ಇಳಿಯಲಿಲ್ಲ.

ಅದಾಗಿ ಒಂದು ವರ್ಷಕ್ಕೆ ಎರಡು ದಿನ ಕಮ್ಮಿ. ಫಿಲಿಪ್ಪೀನ್ಸ್‌ನ ಸಮಾರ್ ದ್ವೀಪದ ಹತ್ತಿರ ಎದುರಿಗೆ ಬಂದ ಪಡೆಯಲ್ಲಿದ್ದದ್ದು ಜಪಾನಿನ ದೈತ್ಯ ಯುದ್ಧನೌಕೆ ‘ಯಮಾಟೊ’. ಅದರ ಒಂದೇ ಒಂದು ಫಿರಂಗಿ ಗೋಪುರದ ತೂಕ ಸುಮಾರು 2,500 ಟನ್. ಇಡೀ ಜಾನ್‌ಸ್ಟನ್ ಸುಮಾರು 2,100 ಟನ್! ಜಾನ್‌ಸ್ಟನ್ ಕಾಯುತ್ತಿದ್ದ, ಹಿಂದೆ ಇದ್ದ ಅಮೆರಿಕದ ಆರು ಪುಟ್ಟ ವಿಮಾನವಾಹಕ ಹಡಗುಗಳು ಓಡಿ ತಪ್ಪಿಸಿಕೊಳ್ಳುವಷ್ಟು ವೇಗದವಲ್ಲ. ಇವಾನ್ಸ್‌ರ ಐದಿಂಚಿನ ತೋಪುಗಳು ಅಷ್ಟು ದೂರ ಮುಟ್ಟುವುದೂ ಇಲ್ಲ. ಹತ್ತಿರ ಹೋಗದೆ ಬೇರೆ ದಾರಿ ಇರಲಿಲ್ಲ. ಹೋದರು, ಹತ್ತೂ ಟಾರ್ಪೆಡೊ ಬಿಟ್ಟರು, ಜಪಾನಿನ ‘ಕುಮಾನೊ’ ಕ್ರೂಸರ್‌ನ ಮೂತಿ ಹಾರಿತು.

ವಾಪಸ್ ಬರುವಾಗ ದೊಡ್ಡ ಗುಂಡುಗಳು ಬಿದ್ದವು. ಇವಾನ್ಸ್‌ರ ಎಡಗೈಯ ಎರಡು ಬೆರಳು ಹೋದವು. ಡಿಸ್ಟ್ರಾಯರ್‌ಗಳು ದಾಳಿ ಮಾಡಲಿ ಎಂಬ ಅಪ್ಪಣೆ ಬಂದದ್ದು ಇವರ ದಾಳಿ ಶುರುವಾದ ಮೇಲೆ! ಟಾರ್ಪೆಡೊ ಇಲ್ಲ, ವೇಗ ಅರ್ಧ. ಆದರೂ ದಾಳಿಗೆ ಹೊರಟ ಉಳಿದ ಡಿಸ್ಟ್ರಾಯರ್‌ಗಳ ಬೆನ್ನಿಗೆ ತಿರುಗಿ ಹೋದರು. ಕೊನೆಗೆ ಹಡಗಿನ ಹಿಂಭಾಗದಲ್ಲಿ ನಿಂತು, ಕೆಳಗಿನ ಕಿಂಡಿಯೊಳಕ್ಕೆ ಎಡಕ್ಕೆ, ಬಲಕ್ಕೆ ಅಂತ ಕೂಗುತ್ತಿದ್ದರು. ಕೆಳಗೆ ನಾವಿಕರು ಚುಕ್ಕಾಣಿಯನ್ನು ಕೈಯಲ್ಲೇ ತಿರುಗಿಸುತ್ತಿದ್ದರು.

327 ಜನರಲ್ಲಿ 186 ಮಂದಿ ಬದುಕಲಿಲ್ಲ. ಇವಾನ್ಸ್ ಮತ್ತೆ ಕಾಣಲೇ ಇಲ್ಲ. ಆದರೆ ಜಪಾನಿನ ತೋಪಿಗೆ ಮುಳುಗಿದ್ದು ಆರರಲ್ಲಿ ಒಂದೇ ವಾಹಕ. ಇನ್ನು, ನಿಮಗೆ ಸಿಟ್ಟು ಬರಲೇಬೇಕು ಅಂದರೆ ಇದಕ್ಕೆ ಬರಲಿ: ಹಡಗು ಮುಳುಗಿದ ಮೇಲೂ ಜೀವ ಹಿಡಿದುಕೊಂಡಿದ್ದವರು ಶಾರ್ಕ್‌ಗಳಿದ್ದ ನೀರಿನಲ್ಲಿ ಎರಡು ದಿನ ಕಾದರು. ಆಮೇಲಷ್ಟೇ ದೋಣಿಗಳು ಬಂದವು.