ಮಾತಿನ ಮಲ್ಲಿ, ಮೌನದ ಹಠಮಾರಿ

ಪ್ರಶ್ನೆ: ‘ಪೋರ್ಟಲ್ 2’ ವಿಡಿಯೊ ಗೇಮ್ ಅನ್ನು ಈಚೆಗೆ ಆಡಿ ಮುಗಿಸಿದೆ. ಪ್ರಯೋಗಾಲಯವನ್ನು ಆಳುವ ಯಂತ್ರ ಗ್ಲಾಡೋಸ್ ಮತ್ತು ಅಲ್ಲಿ ಸಿಕ್ಕಿಬಿದ್ದಿರುವ ಚೆಲ್ ತಾಯಿ–ಮಗಳು, ಅದಕ್ಕೇ ಅವರ ನಡುವೆ ಇಷ್ಟು ಜಗಳ ಎಂದು ನನ್ನ ತಮ್ಮ ವಾದಿಸುತ್ತಾನೆ. ಅಭಿಮಾನಿಗಳಲ್ಲಿ ಬಹಳ ಮಂದಿ ಹೀಗೇ ನಂಬಿದ್ದಾರಂತೆ. ನಿಮಗೆ ಏನನ್ನಿಸುತ್ತದೆ?
— ಓದುಗಿ, ಶಿವಮೊಗ್ಗ

ಉತ್ತರ: ಒಂದು ಕಾಲಕ್ಕೆ ನಾನೂ ನಿಮ್ಮ ತಮ್ಮನ ಪಕ್ಷದಲ್ಲೇ ಇದ್ದೆ. ಈ ಆಟ ಬಿಡುಗಡೆಯಾದ 2011ರಲ್ಲಿಯೇ ಮೈಸೂರಿನ ಬಾಡಿಗೆ ಕೋಣೆಯಲ್ಲಿ ಗೆಳತಿಯ ಲ್ಯಾಪ್‌ಟಾಪಿನಲ್ಲಿ ಆಡಿದೆವು. ಅದು ಕಾದು ಕೆಂಡವಾಗುತ್ತಿತ್ತು. ಎರಡು ಸ್ಟೀಲ್ ತಟ್ಟೆಗಳನ್ನು ಬೋರಲು ಹಾಕಿ ಅದರ ಮೇಲೆ ಇಡುತ್ತಿದ್ದೆವು. ಕೊನೆಯಲ್ಲಿ ಚೆಲ್ ಲಿಫ್ಟಿನಲ್ಲಿ ಮೇಲೇರುವಾಗ ಬಂದೂಕಿನ ಯಂತ್ರಗಳೆಲ್ಲ ಸೇರಿ ಇಟಾಲಿಯನ್ ಭಾಷೆಯಲ್ಲಿ ಹಾಡುತ್ತವಲ್ಲ, ಅದರಲ್ಲಿ ‘ಮಿಯಾ ಬಂಬೀನಾ’ ಎಂಬ ಮಾತು ಬರುತ್ತದೆ. ನನ್ನ ಮಗಳೇ, ನನ್ನ ಪುಟ್ಟ ಹುಡುಗಿಯೇ ಎಂದು ಅರ್ಥ. ಅದು ಗೊತ್ತಾದ ರಾತ್ರಿ ಗೆಳತಿ ಕಣ್ಣೊರೆಸಿಕೊಂಡು, ‘ಇನ್ನೇನು ಸಾಕ್ಷಿ ಬೇಕು?’ ಎಂದಳು. ನಾನೂ ಒಪ್ಪಿಬಿಟ್ಟೆ.

ಸಾಕ್ಷಿಗಳು ಇಲ್ಲದಿಲ್ಲ. ಗ್ಲಾಡೋಸ್ ಒಳಗಿರುವುದು ಕ್ಯಾರೊಲಿನ್ ಎಂಬ ಹೆಂಗಸಿನ ಮನಸ್ಸು. ಸಂಸ್ಥೆಯ ಒಡೆಯ ಕೇವ್ ಜಾನ್ಸನ್‌ಗೆ ಅವಳು ಸಹಾಯಕಿ. ತಾನು ಸತ್ತರೆ ಅವಳನ್ನೇ ಕಂಪ್ಯೂಟರಿಗೆ ಸೇರಿಸಿ, ಅವಳು ಬೇಡವೆಂದರೂ ಬಿಡಬೇಡಿ ಎಂದು ಅವನು ಹೇಳಿಹೋಗಿರುತ್ತಾನೆ. ಇನ್ನೊಂದು ಕಡೆ, ನೌಕರರು ತಮ್ಮ ಹೆಣ್ಣುಮಕ್ಕಳನ್ನು ಕೆಲಸದ ಜಾಗಕ್ಕೆ ಕರೆತಂದ ದಿನದ ವಿಜ್ಞಾನ ಪ್ರದರ್ಶನ ಧೂಳು ಹಿಡಿದು ನಿಂತಿದೆ. ಮಕ್ಕಳು ಮಾಡಿದ ಆಲೂಗಡ್ಡೆ ಬ್ಯಾಟರಿಗಳ ನಡುವೆ ಒಂದು ಮಾತ್ರ ಬೃಹತ್ತಾಗಿ ಬೆಳೆದು ಬಳ್ಳಿ ಬಿಟ್ಟಿದೆ. ಅದರ ಫಲಕದಲ್ಲಿ ಬರೆದಿರುವ ಹೆಸರು ಚೆಲ್.

ಇಷ್ಟರಿಂದ ಅವಳು ನೌಕರರೊಬ್ಬರ ಮಗಳು ಎಂದು ತಿಳಿಯಬಹುದು, ಕ್ಯಾರೊಲಿನ್ ಮಗಳು ಎಂದಲ್ಲ. ವಯಸ್ಸಿನ ಲೆಕ್ಕವೂ ಸಲೀಸಾಗಿ ಕೂಡಿಬರುವುದಿಲ್ಲ. ಕ್ಯಾರೊಲಿನ್ 1952ರಲ್ಲೇ ಕೆಲಸದಲ್ಲಿದ್ದಾಳೆ; ಕೇವ್‌ನ ಕೊನೆಯ ಧ್ವನಿಮುದ್ರಣಗಳು 1982ರ ವಿಭಾಗದಲ್ಲಿವೆ; ಮಕ್ಕಳು ಬಂದ ದಿನ ಅದಕ್ಕೂ ಈಚಿನದು. ಅಸಾಧ್ಯವೆನ್ನುವುದಿಲ್ಲ, ಆದರೆ ಎಳೆದು ಜೋಡಿಸಬೇಕು.

ನಾನು ಮನಸ್ಸು ಬದಲಾಯಿಸಿದ್ದಕ್ಕೆ ಕಾರಣ ಈ ಲೆಕ್ಕವಲ್ಲ, ಅವರಿಬ್ಬರ ಸ್ವಭಾವ. ಗ್ಲಾಡೋಸ್ ಸುಮ್ಮನಿರಲಾರಳು. ಪರೀಕ್ಷೆಯ ಫಲಿತಾಂಶ ಬಂದಿದೆ, ನೀನು ಕೆಟ್ಟವಳು ಎಂದಿದೆ, ನಾವು ಅದನ್ನು ಪರೀಕ್ಷಿಸಿಯೇ ಇರಲಿಲ್ಲ ಎಂದು ಚುಚ್ಚುತ್ತಾಳೆ. ದಪ್ಪಗಿದ್ದೀಯ, ದಿಕ್ಕಿಲ್ಲದವಳು ಎಂದು ಹಂಗಿಸುತ್ತಾಳೆ. ಎದುರಿಗಿರುವವಳು ಒಮ್ಮೆಯಾದರೂ ತಿರುಗಿ ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೇನೋ. ಚೆಲ್ ತುಟಿ ಬಿಚ್ಚುವುದಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತೇವೆ. ಇವಳ ಮೌನದಲ್ಲಿ ಸಮ್ಮತಿ ಎಳ್ಳಷ್ಟೂ ಇಲ್ಲ. ಆಟದ ಆರಂಭದಲ್ಲಿ ವೀಟ್ಲಿ ಎಂಬ ಯಂತ್ರ ‘ಆ್ಯಪಲ್ ಎಂದು ಹೇಳು’ ಎಂದು ಕೇಳಿದಾಗ ಮಾತಾಡಲೆಂದು ತೋರಿಸುವ ಕೀ ಒತ್ತಿದರೆ ಅವಳು ಜಿಗಿಯುತ್ತಾಳೆ! ಮಿದುಳಿಗೆ ಪೆಟ್ಟಾಗಿದೆ ಎಂದು ವೀಟ್ಲಿ ತಿಳಿಯುತ್ತಾನೆ. ನಾನು ಅದನ್ನು ಹಠವೆಂದೇ ಓದುತ್ತೇನೆ. ಆಟವನ್ನು ತಯಾರಿಸಿದ ವಾಲ್ವ್ ಕಂಪನಿಯೇ ಪ್ರಕಟಿಸಿದ ಕಾಮಿಕ್ಸ್ ಒಂದರಲ್ಲಿ, ಹಿಡಿದ ಪಟ್ಟು ಬಿಡದವಳು ಎಂಬ ಕಾರಣಕ್ಕೇ ಚೆಲ್‌ಳನ್ನು ಪ್ರಯೋಗದಿಂದ ಕೈಬಿಟ್ಟಿರುತ್ತಾರೆ. ಅದೇ ಗುಣ ಕಂಡು ರಾಟ್‌ಮನ್ ಎಂಬ ವಿಜ್ಞಾನಿ ಅವಳನ್ನು ಪಟ್ಟಿಯ ಮೊದಲಿಗೆ ತರುತ್ತಾನೆ.

ಮುಂದೆ ವೀಟ್ಲಿ ಅಧಿಕಾರ ಹಿಡಿದು ಗ್ಲಾಡೋಸ್‌ಳನ್ನು ಒಂದು ಆಲೂಗಡ್ಡೆಗೆ ಸಿಕ್ಕಿಸಿಬಿಡುತ್ತಾನೆ. ಚೆಲ್ ಆ ಆಲೂಗಡ್ಡೆಯನ್ನು ತನ್ನ ಉಪಕರಣದ ತುದಿಗೆ ಚುಚ್ಚಿಕೊಂಡು ನಡೆಯುತ್ತಾಳೆ. ಆಗ ವೀಟ್ಲಿ ಅದೇ ಹಳೆಯ ಬೈಗುಳ ಶುರುಮಾಡುತ್ತಾನೆ: ದಪ್ಪಗಿರುವವಳು, ದತ್ತು ಹೋದವಳು ಎಂದು. ‘ದತ್ತು ಹೋದರೆ ತಪ್ಪೇನು?’ ಎಂದು ಗ್ಲಾಡೋಸ್ ಎದುರು ಕೇಳುತ್ತಾಳೆ. ವೀಟ್ಲಿ ತಡವರಿಸುತ್ತಾನೆ. ಒಡನೆಯೇ ಅವಳು ಚೆಲ್‌ಗೆ ಮಾತ್ರ ಕೇಳುವಂತೆ ಪಿಸುಗುಟ್ಟುತ್ತಾಳೆ: ನೀನು ದತ್ತು ಹೋದವಳೇ, ಅದು ಘೋರವೇ, ಈಗ ನನ್ನ ಜೊತೆಗಿರು. ಈ ಪಿಸುಮಾತು ನನಗೆ ಆ ಹಾಡಿಗಿಂತ ಹೆಚ್ಚು. ಬೈಯುವ ಹಕ್ಕು ತನಗೊಬ್ಬಳಿಗೇ ಎಂದುಕೊಂಡವಳ ಅಕ್ಕರೆ ಅದು. ಇದಕ್ಕೆ ರಕ್ತಸಂಬಂಧವೊಂದನ್ನು ತಂದು ಅಂಟಿಸಿದರೆ ‘ತಾಯಿಯಲ್ಲವೇ, ಕರುಳು ಕೇಳಬೇಕಲ್ಲ’ ಎಂದು ಎಲ್ಲವೂ ಸುಲಭವಾಗಿಬಿಡುತ್ತದೆ. ಯಾವ ನಂಟೂ ಇಲ್ಲದ, ಒಬ್ಬರನ್ನೊಬ್ಬರು ಕೊಲ್ಲಲು ನೋಡಿದ ಇಬ್ಬರು ಇಲ್ಲಿಯವರೆಗೆ ಬಂದರು ಎನ್ನುವುದೇ ನನಗೆ ದೊಡ್ಡದು. ನಿಮ್ಮ ತಮ್ಮನಿಗೆ ಆ ಭಾಗವನ್ನು ಇನ್ನೊಮ್ಮೆ ಆಡಲು ಹೇಳಿ.

ಪ್ರಶ್ನೆ: ಕೊನೆಯಲ್ಲಿ ಗ್ಲಾಡೋಸ್ ತನ್ನೊಳಗಿನ ಕ್ಯಾರೊಲಿನ್‌ಳನ್ನು ಅಳಿಸಿಹಾಕಿದೆ ಎನ್ನುತ್ತಾಳೆ. ನಿಜವೇ, ನಾಟಕವೇ?
— ಓದುಗ, ಹುಬ್ಬಳ್ಳಿ

ಉತ್ತರ: ಇದರಲ್ಲಿ ನಾನು ಊಹೆ ಮಾಡುವವರ ಕಡೆಗೇ, ಅವಳು ಸುಳ್ಳು ಹೇಳುತ್ತಿದ್ದಾಳೆ. ‘ಅಳಿಸಲಾಗಿದೆ’ ಎಂಬ ಘೋಷಣೆ ಕೇಳಿಸುತ್ತದೆ, ಸರಿ. ಆದರೆ ಮುಂದಿನ ಕೆಲಸಗಳನ್ನು ನೋಡಿ. ನಿನ್ನನ್ನು ಕೊಲ್ಲುವುದು ಕಷ್ಟ, ಹೋಗು ಎಂದು ಕಳುಹಿಸುತ್ತಾಳೆ. ದಾರಿಯಲ್ಲಿ ಹಾಡು ಏರ್ಪಾಡಾಗಿರುತ್ತದೆ. ಗ್ಲಾಡೋಸ್‌ಗೆ ಕಂಠ ಕೊಟ್ಟ ಎಲೆನ್ ಮೆಕ್ಲೇನ್ ಸ್ವತಃ ಆಪೆರಾ ಗಾಯಕಿ. ಅದನ್ನು ಹಾಡಿದವರೂ ಅವರೇ. ಚೆಲ್ ಗೋಧಿ ಹೊಲದ ನಡುವಿನ ತಗಡಿನ ಶೆಡ್‌ನಿಂದ ಹೊರಬಂದ ಮೇಲೆ ಬಾಗಿಲು ಮತ್ತೆ ತೆರೆದು ಒಂದು ಪೆಟ್ಟಿಗೆ ಹೊರಗೆ ಬೀಳುತ್ತದೆ. 2007ರ ಮೊದಲ ಆಟದಲ್ಲಿ ಗ್ಲಾಡೋಸ್ ಬಲವಂತವಾಗಿ ಚೆಲ್‌ಳ ಕೈಯಿಂದಲೇ ಬೆಂಕಿಗೆ ಹಾಕಿಸಿದ್ದಳಲ್ಲ, ಹೃದಯದ ಚಿತ್ರವಿರುವ ಒಡನಾಡಿ ಪೆಟ್ಟಿಗೆ, ಅಂಥದ್ದೇ ಅದು. ಮೈಯೆಲ್ಲ ಸುಟ್ಟು ಕಪ್ಪಾಗಿದೆ.